ಸಾಲದ ಮನೆ, ಬಾಡಿಗೆಯ ಆಸೆ

ಗಿರಣಿಯಿಂದಲೋ ವರ್ಕಶಾಪಿನಿಂದಲೋ ನಿವೃತ್ತನಾದವನ ಕೈಗೆ ಗ್ರಾಚ್ಯುಟಿಯ ಹಣ ಬಂತೆಂಬ ಸುದ್ದಿ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಹಬ್ಬಲು ತಡವಾಗುವುದಿಲ್ಲ. ಮೊದಲು ಬಂದು ಕಟ್ಟೆಯ ಮೇಲೆ ಕೂಡುವವನು ಮನೆಗಳ ದಲಾಲಿ. "ಕಾಕಾ, ರೊಕ್ಕ ಹಂಗ ಇಟ್ಟ ಏನ ಮಾಡ್ತೀರಿ? ಒಂದ ಮನಿ ತಗೋರಿ. ಬ್ಯಾಂಕಿನವರು ಸಾಲ ಕೊಡ್ತಾರ, ಬಾಡಿಗಿ ಬಂದದ್ದು ಕಂತಿಗೆ ಹೋಗ್ತದ, ಇಪ್ಪತ್ತ ವರ್ಷಕ್ಕ ಮನಿ ನಿಮ್ಮದ" ಎಂಬುದು ಅವನ ಮಂತ್ರ. ದುರ್ಗದಬೈಲಿನ ಸಣ್ಣ ವ್ಯಾಪಾರಿಯ ಕಿವಿಯಲ್ಲೂ ಇದೇ ಮಂತ್ರ ಬೀಳುತ್ತದೆ.

ದುಡಿಯುವವನು ಒಂದು ಮನೆ ಮಾಡಿ ಬಾಡಿಗೆಗೆ ಕೊಡುವುದೇ ತಪ್ಪೆಂದು ನಾವು ಹೇಳುವವರಲ್ಲ. ಭಾರತ ಮಿಲ್ಲಿನ ಹೆಸರು ಇಂದು ಒಂದು ಜಾಗದ ಗುರುತಾಗಿ ಉಳಿದಿರುವ ಈ ಊರಿನಲ್ಲಿ, ಗಿರಣಿಯ ಕೂಲಿಯನ್ನು ನಂಬಿ ಮುಪ್ಪನ್ನು ಕಳೆಯಬಹುದೆಂಬ ಭ್ರಮೆ ಯಾರಿಗೂ ಇಲ್ಲ. ಅಂಗಡಿಕಾರನಿಗಂತೂ ಪೆನ್ಶನ್ ಎಂಬುದೇ ಇಲ್ಲ. ತಿಂಗಳಿಗೆ ನಾಲ್ಕಾರು ಸಾವಿರ ಬಾಡಿಗೆ ಬಂದರೆ ಅದೇ ಅವನ ಪೆನ್ಶನ್. ಆಸೆ ನ್ಯಾಯವಾದದ್ದೇ. ಲೆಕ್ಕ ಮಾತ್ರ ದಲಾಲಿ ಹೇಳಿದ ಹಾಗಿಲ್ಲ.

ಹದಿನೈದು ಲಕ್ಷ ರೂಪಾಯಿಯ ಒಂದು ಸಣ್ಣ ಮನೆ, ತಿಂಗಳಿಗೆ 5,000 ಬಾಡಿಗೆ ಎಂದು ಇಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕುಗಳು ಮನೆಯ ಬೆಲೆಯಲ್ಲಿ ನೂರಕ್ಕೆ 90ರವರೆಗೆ ಕೊಡಬಹುದು. ಕೊಡಲೇಬೇಕೆಂದಿಲ್ಲ, ನಿಮ್ಮ ಸಂಬಳದ ಚೀಟಿ ನೋಡಿಯೇ ಕೊಡುತ್ತಾರೆ. ಖರೇದಿ ಪತ್ರದ ಖರ್ಚು ಬೇರೆ. 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯಿತು. ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರಗಳೆಲ್ಲ ಕೂಡಿ ಪಟ್ಟಣದಲ್ಲಿ ಸುಮಾರು 7.6 ಬೀಳುತ್ತದೆ. ಎಂದರೆ 1,14,000 ರೂಪಾಯಿ. ಈ ಬೆಲೆಯ ಮನೆಗೆ ಬ್ಯಾಂಕು ಈ ಖರ್ಚನ್ನು ಮನೆಯ ಬೆಲೆಯಲ್ಲಿ ಹಿಡಿಯುವುದಿಲ್ಲ, ಕೈಯಿಂದಲೇ ಹಾಕಬೇಕು.

ಕೈಯಿಂದ ಮೂರು ಲಕ್ಷ ಹಾಕಿ, 12 ಲಕ್ಷ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಂದಿರೆನ್ನಿ. ತಿಂಗಳ ಕಂತು ಸುಮಾರು 10,800. ವರ್ಷಕ್ಕೆ 1,29,600. ಮೊದಲ ವರ್ಷ ಇಷ್ಟು ಕಟ್ಟಿದ ಮೇಲೆ ಅಸಲಿನಲ್ಲಿ ಕಡಿಮೆಯಾಗುವುದು ಬರಿಯ 22,500ರಷ್ಟು, ಉಳಿದದ್ದೆಲ್ಲ ಬಡ್ಡಿ. ಇತ್ತ ಬಾಡಿಗೆ? ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 55,000. ಅದರಲ್ಲಿ ಮನೆ ತೆರಿಗೆ, ಸುಣ್ಣ ಬಣ್ಣ, ಕೆಟ್ಟ ನಳ, ಸೋರುವ ಮಾಳಿಗೆ ಎಂದು 10,000 ತೆಗೆಯಿರಿ. ಉಳಿದದ್ದು 45,000. ಕಂತಿಗೆ ಬೇಕಾದದ್ದರಲ್ಲಿ 84,600 ರೂಪಾಯಿ ಕೊರೆ. ತಿಂಗಳಿಗೆ ಏಳು ಸಾವಿರದಷ್ಟು ನಿಮ್ಮ ಕೂಲಿಯಿಂದಲೇ ಹೋಗಬೇಕು. ನಿವೃತ್ತನಾದವನು ಅದನ್ನು ಎಲ್ಲಿಂದ ತಂದಾನು?

ಬಾಡಿಗೆಯೇ ಕಂತನ್ನು ಹೊರಬೇಕಾದರೆ ಈ ಮನೆಯ ಮೇಲೆ ನಾಲ್ಕು ಲಕ್ಷಕ್ಕಿಂತ ಹೆಚ್ಚು ಸಾಲ ಇರಕೂಡದು. ಆಗ ಕಂತು 3,600. ಖರ್ಚು ಕಳೆದ ಬಾಡಿಗೆ ತಿಂಗಳಿಗೆ 3,750. ಬೆಲೆಯಲ್ಲಿ ಮುಕ್ಕಾಲು ಪಾಲು ಕೈಯಲ್ಲಿದ್ದವನಿಗೆ ಮಾತ್ರ ದಲಾಲಿಯ ಮಂತ್ರ ಫಲಿಸುತ್ತದೆ. ಇದಕ್ಕಿಂತ, ಇದ್ದ ಸ್ವಂತ ಮನೆಯ ಮೇಲೆ ಒಂದು ಖೋಲಿ ಏರಿಸುವುದು ಎಷ್ಟೋ ಲೇಸು. ಜಾಗದ ಬೆಲೆ ಇಲ್ಲ, ಖರೇದಿ ಖರ್ಚಿಲ್ಲ. ಆದರೆ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಯ ಮೇಲೆ ಏರಿಸಹೋಗಬೇಡಿ, ಮಹಾನಗರಪಾಲಿಕೆಯ ಪರವಾನಿಗೆ ಇಲ್ಲದೆಯೂ ಬೇಡಿ.

ಕಾಗದಪತ್ರಗಳ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಸಿ.ಟಿ.ಎಸ್. ಉತಾರ, ಮೂವತ್ತು ವರ್ಷದ ಋಣಭಾರ ಪತ್ರ, ಇ-ಖಾತೆ ಇವಿಷ್ಟನ್ನು ನೋಡದೆ ಮುಂಗಡ ಕೊಡಬಾರದು. ಹಳೇ ಹುಬ್ಬಳ್ಳಿಯಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಅಣ್ಣತಮ್ಮಂದಿರ ವಾಟ್ನಿ ಆಗಿದೆಯೇ ಎಂಬುದು. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಪಾಲುದಾರಳು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲದ ಖರೇದಿ ಮುಂದೆ ಕೋರ್ಟಿನ ದಾರಿ ಹಿಡಿಯುತ್ತದೆ.

ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ರೂಢಿ. ಕೈಯಲ್ಲಿ ಮೂರು ಲಕ್ಷ ಇಲ್ಲದವನು ಅದನ್ನು ಬಾಡಿಗೆದಾರನಿಂದಲೇ ಎತ್ತುತ್ತಾನೆ. "ಬಾಡಿಗಿ ಬ್ಯಾಡ, ಮೂರು ಲಕ್ಷ ಕೊಡು, ಮೂರು ವರ್ಷ ಇರು, ಹೋಗುವಾಗ ಅಷ್ಟೂ ತಗೊಂಡು ಹೋಗು" ಎಂಬ ಕರಾರು. ಇದನ್ನು ಲೀಜ್ ಎನ್ನುತ್ತಾರೆ, ಹಿರಿಯರು ಭೋಗ್ಯ ಎನ್ನುತ್ತಿದ್ದರು. ಮಾಲಕನಿಗೆ ಇದರಿಂದ ಬಾಡಿಗೆಯೂ ಹೋಯಿತು, ಕಂತು ಪೂರಾ ತಲೆಯ ಮೇಲೆ ಬಂತು, ಮೂರು ವರ್ಷಕ್ಕೆ ಮೂರು ಲಕ್ಷದ ಸಾಲವೂ ನಿಂತಿತು. ಅವನು ಇನ್ನೊಬ್ಬ ಬಾಡಿಗೆದಾರನಿಂದ ಎತ್ತಿ ಮೊದಲಿನವನಿಗೆ ಕೊಡಬೇಕು. ಹೊಸಬನು ಸಿಗದೆ ಹೋದ ತಿಂಗಳು ಇಬ್ಬರೂ ಬೀದಿಗೆ.

ಬಾಡಿಗೆದಾರನ ಪಾಡು ಇನ್ನೂ ಕಷ್ಟದ್ದು. ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಮಾಲಕನು ಬಾಡಿಗೆಗೆ ಕೊಡುವ ಅಧಿಕಾರಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 65ಎ ಕಲಮು ಮಿತಿ ಹಾಕಿದೆ: ಅಡವು ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಇಡಿಗಂಟು ತೆಗೆದುಕೊಳ್ಳಬಾರದು, ಬಾಡಿಗೆ ಮುಂಗಡವಾಗಿ ಪಡೆಯಬಾರದು, ಮೂರು ವರ್ಷ ಮೀರಬಾರದು. ನೂರು ರೂಪಾಯಿಗೆ ಮೇಲ್ಪಟ್ಟ ಭೋಗ್ಯಕ್ಕೆ ನೋಂದಣಿಯಾದ ಪತ್ರ, ಇಬ್ಬರು ಸಾಕ್ಷಿದಾರರು ಬೇಕೆಂದು 59ನೆಯ ಕಲಮು ಹೇಳುತ್ತದೆ. ನಮ್ಮಲ್ಲಿ ನಡೆಯುವುದೋ, ಸ್ಟಾಂಪ್ ಕಾಗದ, ನೋಟರಿಯ ಸಿಕ್ಕೆ. ಕಂತು ನಿಂತರೆ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಂತೆ 60 ದಿನದ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ವಶಪಡಿಸಿಕೊಳ್ಳಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂದು ವರ್ಷ ಮೀರಿದ ಬಾಡಿಗೆ ಹಕ್ಕನ್ನು ನೋಂದಣಿಯಾದ ಪತ್ರವಿಲ್ಲದೆ ಬ್ಯಾಂಕಿನ ಎದುರು ಸಾಧಿಸಲಾಗದೆಂಬುದು ಅದೇ ಕೋರ್ಟಿನ 2019ರ ಮಾತು. ಮಗಳ ಮದುವೆಗೆಂದು ಕೂಡಿಸಿದ ಮೂರು ಲಕ್ಷವನ್ನು ನೋಟರಿ ಕಾಗದ ನಂಬಿ ಕೊಟ್ಟವನು ಆಮೇಲೆ ಯಾರ ಬಾಗಿಲು ಬಡಿಯಬೇಕು? ಲೀಜ್ ಕೇಳುವ ಮಾಲಕನಿಗೆ ಋಣಭಾರ ಪತ್ರ ತೋರಿಸೆಂದು ಹೇಳಿ. ಅಡವೆಲ್ಲವೂ ಅದರಲ್ಲಿ ಕಾಣುವುದಿಲ್ಲ, ಆದ್ದರಿಂದ ಮೂಲ ಖರೇದಿ ಪತ್ರವನ್ನೂ ಕಣ್ಣಾರೆ ನೋಡಿ. ಅದು ಮನೆಯಲ್ಲಿಲ್ಲದಿದ್ದರೆ ಬ್ಯಾಂಕಿನ ಕಪಾಟಿನಲ್ಲಿದೆಯೆಂದೇ ತಿಳಿಯಿರಿ.

ಹಿಂದೆ ನಮ್ಮ ಜಿಲ್ಲೆಗೆ ಮುಂಬಯಿ ಸರಕಾರದ 1947ರ ಬಾಡಿಗೆ ಕಾಯಿದೆಯ ಆಸರೆ ಇತ್ತು. ಬಳಿಕ 1961ರ ಮೈಸೂರು ಕಾಯಿದೆ ಬಂತು. ಈಗಿರುವ 1999ರ ಕಾಯಿದೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ, ಸಣ್ಣ ಊರುಗಳಲ್ಲಿ ಮಿತಿ 2,000. ಅಂಗಡಿಯಾದರೆ 14 ಚದರ ಮೀಟರಿನೊಳಗೆ ಇದ್ದರೆ ಮಾತ್ರ ರಕ್ಷಣೆ. ನಾವು ಲೆಕ್ಕ ಹಾಕಿದ 5,000ದ ಮನೆಯಲ್ಲಿರುವವನನ್ನು, ಬೇರೆ ಕರಾರಿಲ್ಲದಿದ್ದರೆ, ಹದಿನೈದು ದಿನದ ನೋಟೀಸು ಕೊಟ್ಟು ಏಳಿಸಹೊರಡಬಹುದು. ಕೊರೆಬಿದ್ದ ಏಳು ಸಾವಿರವನ್ನು ಮಾಲಕನು ಮೊದಲು ಹುಡುಕುವುದು ಇವನ ಜೇಬಿನಲ್ಲಿಯೇ. ಇಬ್ಬರೂ ಒಂದೇ ಭೋಂಗಾ ಕೇಳಿ ಕೆಲಸಕ್ಕೆ ಹೋಗುವವರು. ಲಾಭ ಮಾತ್ರ ಮೂರನೆಯವನಿಗೆ.

ಒಬ್ಬನೇ ಹೊರಲಾರದ್ದನ್ನು ಹತ್ತು ಜನ ಹೊತ್ತ ದೃಷ್ಟಾಂತಗಳು ನಮ್ಮವರಲ್ಲೇ ಇವೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಆ ಊರು ಧಾರವಾಡ ಜಿಲ್ಲೆಯಲ್ಲೇ ಇತ್ತು. ಕೆನರಾದ ಕಡೆಯಿಂದ ಮುಂಬಯಿಗೆ ಹೋದ ಸಾರಸ್ವತರು 1915ರಲ್ಲಿ ತಲ್ಮಕಿಯವರ ಮುಂದಾಳುತನದಲ್ಲಿ ಗಾಮದೇವಿಯಲ್ಲಿ ಮನೆ ಕಟ್ಟಿದರು. ಅಲ್ಲಿ ಕಟ್ಟಡ ಸಂಘದ್ದು, ಸದಸ್ಯರು ಸಂಘಕ್ಕೆ ಬಾಡಿಗೆ ಕೊಟ್ಟಿರುವವರು. ನಮ್ಮ ಈಚಿನ ಗೃಹನಿರ್ಮಾಣ ಸಂಘಗಳು ಹೆಚ್ಚಾಗಿ ನಿವೇಶನ ಹಂಚುವ ಅಂಗಡಿಗಳಾದವು, ಅದು ಬೇರೆ ಮಾತು. ಹದಿನೈದು ಜನ ಮೂರು ಮೂರು ಲಕ್ಷ ಕೂಡಿಸಿದರೆ 45 ಲಕ್ಷ. ಇಂಡಿ ಪಂಪಿನ ಆಸುಪಾಸಿನಲ್ಲಿಯೋ ಕಾರವಾರ ರಸ್ತೆಯ ಆಚೆಗೋ ಖೋಲಿಗಳ ಒಂದು ಚಾಳನ್ನು ತೊಡಗಿಸಲು ಅಷ್ಟು ಬಂಡವಾಳ ಸಾಕು. ಇಂಥದಕ್ಕೆ ಕೈಹಾಕುವವರು ತಮ್ಮ ಸಂಘದ ಕರಡು ನಿಯಮಗಳನ್ನು ಕಳಿಸಿದರೆ ಈ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.