ಸ್ಕೋರ್‌ಬುಕ್ ರದ್ದಿಗೆ ಹಾಕಬ್ಯಾಡ್ರಿ

ಕಾಗವಾಡದವರಿಗೆ ಬೆಳಗಾವಿಗಿಂತ ಸಾಂಗ್ಲಿ ಹತ್ತಿರ. 1952ರಲ್ಲಿ ಮದ್ರಾಸಿನಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದ ವಿಜಯ್ ಹಜಾರೆ ಹುಟ್ಟಿದ್ದು ಅದೇ ಸಾಂಗ್ಲಿಯಲ್ಲಿ, 1915ರಲ್ಲಿ. 1948ರ ಅಡಿಲೇಡ್ ಟೆಸ್ಟಿನಲ್ಲಿ ಅವರು ಹೊಡೆದ 116, 145 ಈಗಲೂ ಫೋನಿನಲ್ಲಿ ಸಿಗ್ತಾವ. ಆದರೆ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಕ್ಲಬ್‌ಗಳಿಗೆ ನಮ್ಮ ಕಾಕಾ, ಮಾಮಾ ಹೊಡೆದ ರನ್ನು?

ಇವತ್ತಿನ ಟೆನಿಸ್ ಬಾಲ್ ಟೂರ್ನಿಯ ಸ್ಕೋರೂ ಆ್ಯಪ್‌ನಲ್ಲಿ ಉಳಿಯುತ್ತದೆ. ಅಂದಿನ ಮ್ಯಾಚುಗಳು ಉಳಿದಿದ್ದರೆ ಹಳೇ ಸ್ಕೋರ್‌ಬುಕ್ಕಿನಲ್ಲಿ, ಹಿರಿಯರ ನೆನಪಿನಲ್ಲಿ ಅಷ್ಟೇ. ಈ ಸಲ ಊರಿಗೆ ಹೋದಾಗ ಆ ಪುಟಗಳ ಫೋಟೋ ತಗೀರಿ. ತಂಡದ ಗ್ರೂಪ್ ಫೋಟೋ ಮುಂದಿಟ್ಟು ಒಬ್ಬೊಬ್ಬರ ಹೆಸರು ಕೇಳಿ ಬರ್ಕೊಳ್ರಿ. ಹೆಸರು ಗೊತ್ತಿದ್ದವರು ಹೋದ ಮ್ಯಾಲೆ ಅದು ಯಾರೋ ಹನ್ನೊಂದು ಮಂದಿಯ ಫೋಟೋ.