ಕತ್ತಲೆಯ ಲೆಕ್ಕ ಬಿಲ್ಲಿನಲ್ಲಿ ಏಕಿಲ್ಲ?

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದಕ್ಕೆ ಹಗ್ಗ ಬಿಗಿದು, ಟ್ರ್ಯಾಕ್ಟರ್ ಮೇಲೆ ಹೇರಿಕೊಂಡು ಬಂದು ಹೆಸ್ಕಾಂ ಉಪಕೇಂದ್ರದ ಮುಂದೆ ಇಳಿಸಿದರು. ತ್ರೀ ಫೇಸ್ ಕರೆಂಟನ್ನು ರಾತ್ರಿ ಕೊಡುತ್ತೀರಿ, ಕತ್ತಲಲ್ಲಿ ನೀರು ಹಾಯಿಸಲು ಹೋದವನಿಗೆ ಹಾವು ಕಚ್ಚಿದರೆ, ಇಂಥದ್ದು ಹಿಡಿದರೆ ಯಾರು ಹೊಣೆ ಎಂದು ಕೇಳಿದರು. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು. ಸುದ್ದಿ ದೇಶವೆಲ್ಲ ಸುತ್ತಿತು, ನಗುವವರು ನಕ್ಕರು. ಆ ವರ್ಷ ವಿದ್ಯುತ್ತಿನ ಬಗ್ಗೆ ರಾಜ್ಯದಲ್ಲಿ ಆಡಿದ ಮಾತುಗಳಲ್ಲೆಲ್ಲ ಬಹಳ ಸ್ಪಷ್ಟವಾದ ಮಾತು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅದೇ ತಿಂಗಳು ಪೇಟೆಯಲ್ಲಿರುವ ನಾವು ಏನು ಮಾಡುತ್ತಿದ್ದೆವು? ಬ್ಯಾಟರಿ ಅಂಗಡಿಯಲ್ಲಿ ನಿಂತು, ‘ಹಳೇದು ವಾಪಸ್ ಕೊಟ್ಟರೆ ಎಷ್ಟು ಇಳಿಸ್ತೀರಿ’ ಎಂದು ಚೌಕಾಸಿ ಮಾಡುತ್ತಿದ್ದೆವು.

ಕರೆಂಟು ಹೋದಾಗ ಮನೆ ನಡೆಸುವ ವಿದ್ಯೆಯಲ್ಲಿ ನಮ್ಮವರನ್ನು ಮೀರಿಸುವುದು ಕಷ್ಟ. ಬೆಳಿಗ್ಗೆ ಎದ್ದೊಡನೆ ಸಂಪಿನ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳುವುದು, ಹತ್ತು ಗಂಟೆಯ ಒಳಗೆ ಚಟ್ನಿ ರುಬ್ಬಿಟ್ಟುಕೊಳ್ಳುವುದು, ಮೊಬೈಲು ಅರ್ಧ ಇಳಿದರೂ ಚಾರ್ಜಿಗೆ ಹಾಕಿಬಿಡುವುದು, ಗಿರಣಿಯವನಿಗೆ ಫೋನು ಮಾಡಿ ‘ಕರೆಂಟ್ ಐತೇನ್ರೀ’ ಎಂದು ಕೇಳಿಕೊಂಡೇ ಗೋಧಿ ಡಬ್ಬಿ ಎತ್ತುವುದು. ಇದನ್ನೆಲ್ಲ ಜಾಣತನ ಎಂದು ಹೊಗಳುವ ಬರಹಗಳು ಪ್ರತಿ ಬೇಸಿಗೆಗೂ ಬರುತ್ತವೆ. ನನ್ನ ತಕರಾರು ಇರುವುದೇ ಅಲ್ಲಿ. ನಾವು ನಿಭಾಯಿಸುವುದನ್ನು ಕಲಿತಷ್ಟೂ ಕೊಡಬೇಕಾದವರಿಗೆ ಕೊಡದಿರುವುದು ಸಲೀಸಾಗುತ್ತ ಬಂದಿದೆ. ಇದರಲ್ಲಿ ಮುಖ್ಯ ಪಾತ್ರ ವಹಿಸಿದ್ದು ಇನ್ವರ್ಟರ್. ಪತ್ರ ಬರೆಯಬಲ್ಲ, ಅಧಿಕಾರಿಗೆ ಫೋನು ಮಾಡಬಲ್ಲ, ಶಾಸಕರ ಮನೆ ಬಾಗಿಲಲ್ಲಿ ನಿಲ್ಲಬಲ್ಲ ವರ್ಗ ಒಂದು ಬ್ಯಾಟರಿ ತಂದಿಟ್ಟುಕೊಂಡು ಸುಮ್ಮನಾಗಿಬಿಟ್ಟಿತು. ಉಳಿದವರ ದನಿ ಕೇಳಬೇಕಾದರೆ ಮೊಸಳೆಯೇ ಬೇಕಾಯಿತು.

ಆ ಬ್ಯಾಟರಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮೆಟ್ಟಿಲ ಕೆಳಗೋ ದೇವರ ಕೋಣೆಯ ಪಕ್ಕದಲ್ಲೋ 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ಕೂತಿರುತ್ತದೆ. ಮೇಲೆ ಆರು ಬಿರಡೆ, ಒಂದೊಂದರಲ್ಲೂ ತೇಲುವ ಕಡ್ಡಿ. ಡಿಸ್ಟಿಲ್ಡ್ ವಾಟರ್ ಇಳಿದರೆ ಕೆಂಪು ಕಾಣಬೇಕು. ಕಾಣುವುದೇನೋ ಹೌದು, ಆದರೆ ಬಗ್ಗಿ ನೋಡುವವರಾರು? ಇದು ಫ್ಯಾನು, ಲೈಟು, ಟೀವಿ, ವೈಫೈ ಎಳೆಯುತ್ತದೆ. ಮೋಟರ್, ಗೀಸರ್, ಇಸ್ತ್ರಿಪೆಟ್ಟಿಗೆಗೆಲ್ಲ ಕೈಯೆತ್ತುತ್ತದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡು ಗಂಟೆ 300 ವ್ಯಾಟ್ ಎಳೆದರೆ 0.6 ಯೂನಿಟ್. ನಾಲ್ಕು ವರ್ಷ ಬಾಳಿದರೆ ಒಟ್ಟು 876 ಯೂನಿಟ್. ಬ್ಯಾಟರಿಗೆ 15,000 ರೂಪಾಯಿ ಎಂದಿಟ್ಟುಕೊಂಡರೂ ಯೂನಿಟ್ಟಿಗೆ 17 ರೂಪಾಯಿ ಬಿತ್ತು. ಒಂದು ಯೂನಿಟ್ ಹೊರಗೆ ತೆಗೆಯಲು ಸುಮಾರು ಒಂದೂಕಾಲು, ಒಂದೂವರೆ ಯೂನಿಟ್ ಒಳಗೆ ತುಂಬಬೇಕು. ಅದಕ್ಕೆ ಮತ್ತೆ ಎಂಟು ರೂಪಾಯಿಯ ಆಸುಪಾಸು. ಲೈನಿನಲ್ಲಿ ಆರು ರೂಪಾಯಿಯ ಆಸುಪಾಸಿನಲ್ಲಿ ಬರಬೇಕಾದ ಕರೆಂಟಿಗೆ ನಮ್ಮ ಕೈಯಿಂದ ಹೋಗುವುದು 25 ರೂಪಾಯಿ. ಕರೆಂಟು ಕಡಿಮೆ ಹೋಗುವ ಊರಾದರೆ ಇನ್ನೂ ದುಬಾರಿ, ಏಕೆಂದರೆ ಬಳಸದೆ ಬಿಟ್ಟರೂ ಬ್ಯಾಟರಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ.

ಇನ್ನೊಂದು ತಮಾಷೆಯಿದೆ. ಹೋದ ಕರೆಂಟು ಬಂದ ಕೂಡಲೇ ಬೀದಿಯ ಇನ್ವರ್ಟರುಗಳೆಲ್ಲ ಒಟ್ಟಿಗೆ ಹಸಿದು ಕೂತಿರುತ್ತವೆ. ಜತೆಗೆ ಫ್ರಿಜ್ಜು, ಮೋಟರ್ರು. ಮೊದಲೇ ಏದುಸಿರು ಬಿಡುತ್ತಿದ್ದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ ಎಲ್ಲ ಲೋಡೂ ಒಮ್ಮೆಗೇ ಬಿದ್ದು ಫ್ಯೂಸು ಮತ್ತೆ ಹಾರುತ್ತದೆ. ‘ಬಂತು ಅಂದ್ಕೊಂಡ್ವಿ, ಮತ್ತೆ ಹೋಯ್ತು’ ಎನ್ನುತ್ತಾರಲ್ಲ, ಅದರ ಹಿಂದೆ ಅನೇಕ ಸಲ ಇರುವುದು ಇದೇ.

ಇನ್ನು ಸರ್ಕಾರದ ಮಾತು. ‘ರಾಜ್ಯದಲ್ಲಿ ಲೋಡ್ ಶೆಡ್ಡಿಂಗ್ ಇಲ್ಲ.’ ಯಾವ ಪಕ್ಷದ ಮಂತ್ರಿಯಾದರೂ ಈ ವಾಕ್ಯವನ್ನು ಕಂಠಪಾಠ ಮಾಡಿಕೊಂಡೇ ಬಂದಿರುತ್ತಾರೆ. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವಾಟ್ ದಾಟಿದಾಗಲೂ ಪೂರೈಸಿದೆವು ಎಂಬ ಹೆಮ್ಮೆ ಅವರಿಗಿದೆ. ಇರಲಿ, ಅದು ಸಣ್ಣ ಸಾಧನೆಯಲ್ಲ. ಆದರೆ ರಾಯಚೂರಿನಲ್ಲೋ ಪಾವಗಡದಲ್ಲೋ ಉತ್ಪಾದನೆಯಾದ ಕರೆಂಟು ನಮ್ಮ ಮನೆಯ ಸ್ವಿಚ್ಚಿನವರೆಗೆ ಬರಬೇಕಾದರೆ ಉಪಕೇಂದ್ರ, 11 ಕೆ.ವಿ. ಫೀಡರ್, ಟಿ.ಸಿ., ಕೊನೆಗೆ ಕಂಬದ ಮೇಲಿನ ಒಂದು ಜಂಪು ತಂತಿ, ಇಷ್ಟೂ ಸರಿಯಿರಬೇಕು. ಉತ್ಪಾದನೆ ಸಾಲದೆ ತೆಗೆದರೆ ಮಾತ್ರ ಲೋಡ್ ಶೆಡ್ಡಿಂಗ್. ಟಿ.ಸಿ. ಸುಟ್ಟರೆ, ಜಂಪು ಕಟ್ಟಾದರೆ, ಕೊಂಬೆ ಬಿದ್ದರೆ, ದುರಸ್ತಿಗೆಂದು ಎಲ್.ಸಿ. (ಲೈನ್ ಕ್ಲಿಯರ್) ತೆಗೆದುಕೊಂಡರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮಂತ್ರಿ ಹೇಳಿದ್ದೂ ನಿಜ, ಮನೆಯಲ್ಲಿ ಕತ್ತಲಿರುವುದೂ ನಿಜ. ಹಿಂದೆ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ ಪೇಪರಿನಲ್ಲಿ ವೇಳಾಪಟ್ಟಿಯಾದರೂ ಬರುತ್ತಿತ್ತು. ಇಂತಿಷ್ಟು ಹೊತ್ತು ಕೊಡಲಾಗದು ಎಂದು ಮುಖ ಕೊಟ್ಟು ಹೇಳುವ ಮರ್ಯಾದೆ ಅದರಲ್ಲಿತ್ತು. ಈಗ ವೇಳಾಪಟ್ಟಿ ಇಲ್ಲ, ಏಕೆಂದರೆ ಕಡಿತವೇ ಇಲ್ಲ!

‘ಪುಕ್ಕಟೆ ಕರೆಂಟ್ ಕೊಟ್ಟರೆ ಇನ್ನೇನಾಗುತ್ತೆ’ ಎಂಬುದು ಇದರ ಜೋಡಿ ಮಾತು. ಇದು ಹೆಚ್ಚಾಗಿ ಇನ್ವರ್ಟರ್ ಇರುವ ಮನೆಯ ಜಗುಲಿಯಿಂದಲೇ ಕೇಳಿಬರುತ್ತದೆ. ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ ಗೃಹಜ್ಯೋತಿ 2023ರ ಆಗಸ್ಟ್‌ನಲ್ಲಿ ಬಂತು, ಅಕ್ಟೋಬರ್‌ನಲ್ಲಿ ಕರೆಂಟು ಕೈಕೊಟ್ಟಿತು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ‘ಕತ್ತಲೆ ಭಾಗ್ಯ’ ಎಂದು ಗೇಲಿ ಮಾಡಿದವರು ನಡುವೆ ನಿಂತಿದ್ದ ಬರಗಾಲವನ್ನು ನೋಡಲಿಲ್ಲ. ಆ ವರ್ಷ ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಲಿಂಗನಮಕ್ಕಿಗೆ ನೀರು ಸಾಲದೆ ಜಲವಿದ್ಯುತ್ತಿಗೆ ಪೆಟ್ಟು ಬಿತ್ತು. ಮಳೆಗಾಲದಲ್ಲಿ ಸುಮ್ಮನಿರಬೇಕಾದ ಪಂಪ್‌ಸೆಟ್‌ಗಳು ಬೇಸಿಗೆಯಂತೆ ಓಡಿದವು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು ಖಾಸಗಿ ಉತ್ಪಾದಕರ ಕರೆಂಟನ್ನು ರಾಜ್ಯದ ಜಾಲಕ್ಕೇ ಕೊಡುವಂತೆ ಆದೇಶಿಸಿತು, ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕೈಗಡ ತಂದಿತು. ಅಷ್ಟಕ್ಕೂ ಗೃಹಜ್ಯೋತಿಯಲ್ಲಿ ಮಿತಿ 200 ಯೂನಿಟ್ ಎಂದಿದ್ದರೂ ಆಗ ಪ್ರತಿ ಮನೆಗೆ ಸಿಗುತ್ತಿದ್ದುದು ಅದರ ಹಿಂದಿನ ವರ್ಷದ ಸರಾಸರಿ, ಮೇಲೆ ಶೇ 10. ನಲವತ್ತು ಯೂನಿಟ್ ಸುಡುತ್ತಿದ್ದ ಮನೆ ನಲವತ್ತನಾಲ್ಕಕ್ಕೆ ಏರಿದರೆ ಯಾವ ಟಿ.ಸಿ. ಸುಡುತ್ತದೆ?

ಇದಕ್ಕಿಂತ ದೊಡ್ಡ ವಿಷಯ, ಆ ಕರೆಂಟು ವಿದ್ಯುತ್ ಪೂರೈಸುವ ಕಂಪನಿಗಳಾದ ಎಸ್ಕಾಂಗಳಿಗೆ ಪುಕ್ಕಟೆಯೇನೂ ಅಲ್ಲ. ಸರ್ಕಾರ ಅದರ ಹಣವನ್ನು ಸಹಾಯಧನವಾಗಿ ಕಟ್ಟಿಕೊಡಬೇಕು. ಸೊನ್ನೆ ಬಿಲ್ಲು ಬರುವ ಮನೆಯವಳೂ ಕಂಪನಿಗೆ ಗ್ರಾಹಕಳೇ. ಸಹಾಯಧನ ತಡವಾದರೆ ಆ ಜಗಳ ಕಂಪನಿ ಮತ್ತು ಸರ್ಕಾರದ ನಡುವಿನದು, ಕತ್ತಲಲ್ಲಿ ಕೂರುವ ಶಿಕ್ಷೆ ಅವಳಿಗೇಕೆ? ಅವಳ ಮನೆಯಲ್ಲಿ ಇನ್ವರ್ಟರ್ ಇಲ್ಲ. ಹಿಂದೆ ಬುಡ್ಡಿದೀಪಕ್ಕೆ ರೇಷನ್ ಅಂಗಡಿಯ ಸೀಮೆಎಣ್ಣೆ ಇತ್ತು, ಈಗ ಅದೂ ಬಹುಮಟ್ಟಿಗೆ ಮಾಯ. ಉಳಿದದ್ದು ಸಂತೆಯಲ್ಲಿ ತಂದ ಚಾರ್ಜರ್ ಬಲ್ಬು ಮತ್ತು ಮೊಬೈಲಿನ ಟಾರ್ಚು. ಎರಡಕ್ಕೂ ಮೊದಲು ಕರೆಂಟು ಬೇಕು.

ಕತ್ತಲೆ ಎಲ್ಲರಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ನೋಡಬೇಕಾದರೆ ಉತ್ತರ ಕರ್ನಾಟಕದ ತೋಟದ ವಸ್ತಿಗಳಿಗೆ ಹೋಗಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್‌ಗಳ ಫೀಡರ್ ಬೇರೆ ಮಾಡಿದರು. ಒಳ್ಳೆಯ ಕೆಲಸ, ಊರೊಳಗೆ ಸಂಜೆ ದೀಪ ಉಳಿಯಿತು. ಆದರೆ ಹೊಲದಲ್ಲೇ ಮನೆ ಕಟ್ಟಿಕೊಂಡು ದನಕರು, ಮಕ್ಕಳೊಂದಿಗೆ ಬದುಕುವ ಸಂಸಾರಗಳು ಪಂಪ್‌ಸೆಟ್ಟಿನ ಲೈನಿಗೇ ಉಳಿದವು. ಏಳು ತಾಸು ತ್ರೀ ಫೇಸ್, ಅದೂ ಪಾಳಿಯ ಮೇಲೆ. ಉಳಿದ ಹೊತ್ತಿಗೆ ಸಿಂಗಲ್ ಫೇಸ್ ಬಂದರೆ ಬಂತು. ಬಂದಾಗ ಯಾರೋ ಕಂಡೆನ್ಸರ್ ಹಾಕಿ ಅದರಲ್ಲೇ ಮೋಟರ್ ಎಬ್ಬಿಸಿದರೆ ಅದೂ ಟ್ರಿಪ್. ಅವನನ್ನು ಕಳ್ಳ ಎನ್ನುತ್ತೇವೆ. ಹಗಲು ಹೊತ್ತು ಸರಿಯಾಗಿ ತ್ರೀ ಫೇಸ್ ಕೊಟ್ಟಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಕಂಡೆನ್ಸರ್ ಸಿಕ್ಕಿಸುವ ಹುಚ್ಚು ಯಾರಿಗಿದೆ? ಆ ವಸ್ತಿಯ ಹುಡುಗಿ ಎಸ್ಸೆಸ್ಸೆಲ್ಸಿಗೆ ಓದುವುದು ಈ ಪಾಳಿಯ ನಡುವೆಯೇ.

ಬೈಗುಳವೆಲ್ಲ ಬೀಳುವುದು ಮಾತ್ರ ಲೈನ್‌ಮನ್ ಮೇಲೆ. ಮಳೆಯಲ್ಲಿ ಕಂಬ ಹತ್ತುವವನು, ಬೀದಿಯಲ್ಲಿ ಕೈಗೆ ಸಿಗುವವನು ಅವನೊಬ್ಬನೇ. 2024ರಲ್ಲಿ ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್, ಸ್ಟೇಷನ್ ಪರಿಚಾರಕ ಸೇರಿ 2,975 ಹುದ್ದೆಗಳಿಗೆ ಅರ್ಜಿ ಕರೆಯಿತು. ಕಂಬ ಹತ್ತಿ ತೋರಿಸಬೇಕಾದ ಪರೀಕ್ಷೆಯದು. ಅಷ್ಟು ಜಾಗ ಖಾಲಿ ಬಿದ್ದಿದ್ದಾಗ ಆ ಕೆಲಸವನ್ನು ಯಾರು ಮಾಡುತ್ತಿದ್ದರು ಎಂದು ಊಹಿಸಬಹುದು: ಇದ್ದವರೇ. ಸಹಾಯವಾಣಿ 1912ಕ್ಕೆ ಫೋನು ಮಾಡಿದರೆ ದೂರಿನ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಸಿಕ್ಕಿತು, ಮನುಷ್ಯ ಬೇಕಲ್ಲ?

ಸೋಲಾರ್ ಹಾಕಿಸಿಕೊಳ್ಳಿ ಎನ್ನುವವರಿಗೂ ಒಂದು ಮಾತು. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ, ಬಿಲ್ಲು ಇಳಿಯುವುದು ಖಂಡಿತ. ಆದರೆ ಗ್ರಿಡ್‌ಗೆ ಜೋಡಿಸಿದ ಮಾಮೂಲು ಸೋಲಾರ್, ಲೈನು ಹೋದರೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಛಾವಣಿಯ ಕರೆಂಟೇ ಹೊಡೆದೀತು. ಹಾಗಾಗಿ ನೆತ್ತಿ ಸುಡುವ ಮಧ್ಯಾಹ್ನ, ತಲೆಯ ಮೇಲೆ 3 ಕಿಲೋವಾಟ್ ಹೊತ್ತ ಮನೆಯಲ್ಲೂ ಫ್ಯಾನು ತಿರುಗುವುದಿಲ್ಲ. ಅಲ್ಲಿಗೂ ಬ್ಯಾಟರಿಯೇ ಗತಿ.

ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. ಮಂಜೂರಾದ ಪ್ರತಿ ಕಿಲೋವಾಟ್‌ಗೆ ನಿಗದಿತ ಶುಲ್ಕ. ಇಂಧನ ಹೊಂದಾಣಿಕೆ ಶುಲ್ಕ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ ಇಷ್ಟು ಎಂದು, ಮೊದಲ ವರ್ಷ 36 ಪೈಸೆ. ಮೇಲೆ ಶೇ 9 ತೆರಿಗೆ. ನಿಗದಿತ ಶುಲ್ಕ ಯಾತಕ್ಕೆ ಎಂದರೆ, ನೀವು ಬಳಸಿ ಬಿಡಿ, ಕರೆಂಟು ನಿಮ್ಮ ಬಾಗಿಲಲ್ಲಿ ಸದಾ ಸಿದ್ಧವಾಗಿರುತ್ತದೆಯಲ್ಲ, ಅದಕ್ಕೆ ಎನ್ನುತ್ತಾರೆ. ಸರಿ. ಸಿದ್ಧವಾಗಿರದ ಹೊತ್ತಿನದನ್ನು ಕಳೆಯಬೇಕಲ್ಲವೇ? ಆ ಹೊತ್ತು ಎಷ್ಟೆಂದು ಬರೆಯುವ ಸಾಲೇ ಬಿಲ್ಲಿನಲ್ಲಿಲ್ಲ.

ಕಾನೂನಿನ ಬೆಂಬಲವಿಲ್ಲ ಎಂದೇನೂ ಅಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ದಿನದ 24 ಗಂಟೆಯೂ ಕರೆಂಟು ಕೊಡಬೇಕು ಎನ್ನುತ್ತವೆ. ಗುಣಮಟ್ಟ ತಪ್ಪಿದರೆ, ಅಳೆಯಬಲ್ಲ ಕಡೆಗಳಲ್ಲಿ ಗ್ರಾಹಕ ಕೇಳದೆಯೇ ಪರಿಹಾರ ತಾನಾಗಿ ಸಲ್ಲಬೇಕು ಎನ್ನುತ್ತವೆ. ಕೃಷಿಯಂಥ ಕೆಲವು ವರ್ಗಗಳಿಗೆ ಮಾತ್ರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಕಡಿಮೆ ಗಂಟೆ ನಿಗದಿ ಮಾಡಬಹುದು. ತೋಟದ ವಸ್ತಿಯ ಅಡುಗೆಮನೆ ಕೃಷಿಯಲ್ಲ ಎಂದು ಯಾರಾದರೂ ಬರೆದುಕೊಡಬೇಕೇನೋ. ಹಾಗೆ ತಾನಾಗಿ ಪರಿಹಾರ ಜಮೆಯಾದ ಬಿಲ್ಲನ್ನು ನಾನಂತೂ ಈವರೆಗೆ ಕಂಡಿಲ್ಲ. ಕಂಡವರಿದ್ದರೆ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಲಿ.

ಅಳೆಯುವುದು ಹೇಗೆ ಎಂಬ ನೆಪವೂ ಈಗ ಉಳಿದಿಲ್ಲ. 2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಆಗ ಸಿಂಗಲ್ ಫೇಸಿನದಕ್ಕೇ ಸುಮಾರು ಐದು ಸಾವಿರ ರೂಪಾಯಿ. ಬೆಲೆಯ ಬಗ್ಗೆ, ಟೆಂಡರಿನ ಬಗ್ಗೆ ವಿಧಾನಸೌಧದಿಂದ ಹೈಕೋರ್ಟಿನವರೆಗೆ ಗದ್ದಲವಾಯಿತು, ಆಗಬೇಕಾದದ್ದೇ. ಆ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಆ ಮೀಟರು ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು ಎಂಬುದನ್ನೂ ದಾಖಲಿಸಿಕೊಳ್ಳುತ್ತದೆ. ನಾವು ಬಿಲ್ಲು ಬಾಕಿ ಉಳಿಸಿದರೆ ಕಚೇರಿಯಲ್ಲಿ ಕೂತೇ ಲೈನು ತೆಗೆಯಲು ಬರುವ ಯಂತ್ರ, ಅವರ ಬಾಕಿಯನ್ನು ನಮಗೆ ತೋರಿಸಬಾರದೇ?

ದರ ಪರಿಷ್ಕರಣೆಗೆ ಎಸ್ಕಾಂಗಳು ಕೆಇಆರ್‌ಸಿ ಮುಂದೆ ಅರ್ಜಿ ಹಾಕಿದಾಗ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಲಾಗುತ್ತದೆ, ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಎಫ್‌ಕೆಸಿಸಿಐನಂಥ ವಾಣಿಜ್ಯ ಸಂಸ್ಥೆಗಳು ತಯಾರಾಗಿ ಬಂದು ಪೈಸೆ ಪೈಸೆಗೂ ವಾದಿಸುತ್ತವೆ. ಮನೆ ಬಳಕೆಯವರ ಕಡೆಯ ಕುರ್ಚಿಗಳು ಹೆಚ್ಚಾಗಿ ಖಾಲಿ. ಅಲ್ಲಿ ಹಾಕಬೇಕಾದ ಆಕ್ಷೇಪಣೆ ಉದ್ದದ್ದಲ್ಲ: ಪ್ರತಿ ತಿಂಗಳ ಬಿಲ್ಲಿನಲ್ಲಿ ನಮ್ಮ ಟಿ.ಸಿ.ಯಲ್ಲಿ ಕರೆಂಟು ಎಷ್ಟು ಗಂಟೆ, ಎಷ್ಟು ನಿಮಿಷ ಇರಲಿಲ್ಲ ಎಂದು ಮುದ್ರಿಸಿ. ಅಷ್ಟು ಹೊತ್ತಿನ ನಿಗದಿತ ಶುಲ್ಕವನ್ನು ಕಳೆಯಿರಿ. ಗೃಹಜ್ಯೋತಿಯ ಸೊನ್ನೆ ಬಿಲ್ಲಿಗೂ ಇದೇ ಸಾಲು ಬರಲಿ, ಕಳೆದ ಹಣ ಸರ್ಕಾರದ ಸಹಾಯಧನದಲ್ಲಿ ಇಳಿಯಲಿ. ಆಗ ಕರೆಂಟು ಹೋದಷ್ಟೂ ಕಂಪನಿಗೂ ನಷ್ಟ. ಈಗ ನಷ್ಟವೆಲ್ಲ ನಮ್ಮ ಮೆಟ್ಟಿಲ ಕೆಳಗಿದೆ.