ನಮ್ಮನೆ ದಾರಂದ, ಊರಾಚೆ ಸ್ಟೇಷನ್ನು

ನಮ್ಮೂರ ಮನೇಲಿ ಅಡಿಗೆಮನೆ ದಾರಂದಕ್ಕೆ ಎರಡು ತೂತವೆ. ಹೆಬ್ಬೆಟ್ಟು ತೂರೋವಷ್ಟು ದಪ್ಪ. ಚಿಕ್ಕೋಳಿದ್ದಾಗ ಅದರೊಳಗೆ ಕಡಲೆಕಾಯಿ ಸಿಪ್ಪೆ ತುರುಕ್ತಿದ್ದೆ, ಅವ್ವ ಬೈತಿದ್ಲು. ಅದು ರೈಲು ಕಂಬಿ ಕೆಳಗಿದ್ದ ಮರ, ತೂತು ಬೋಲ್ಟಿಂದು ಅಂತ ಆಮೇಲೆ ಗೊತ್ತಾಯ್ತು. ಚಿಕ್ಕ ರೈಲು ನಿಂತು ಕಂಬಿ ಕಿತ್ತ ಮೇಲೆ ತಾತ ದುಡ್ಡು ಕೊಟ್ಟು ನಾಲ್ಕು ಮರ ತಂದಿದ್ದನಂತೆ. ಅದರಲ್ಲಿ ಎರಡು ದಾರಂದಕ್ಕೆ ಹೋದ್ವು, ಎರಡು ಕೊಟ್ಟಿಗೆಗೆ. ಇವತ್ತಿಗೂ ಗೆದ್ದಲು ಮುಟ್ಟಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅರಳಿಕಟ್ಟೆ ಮೇಲೆ ಒಂದು ಮಾತು ನಡೀತಿತ್ತು. ಊರಾಚೆ ಹಳೇ ಸ್ಟೇಷನ್ನಿಗೆ ಜೇಸಿಬಿ ತರಿಸಿ ನೆಲಸಮ ಮಾಡಿಸ್ಬೇಕು ಅಂತ. ಅವರು ಹೇಳೋ ಕಾರಣ ಸುಳ್ಳಲ್ಲ. ಹೊತ್ತು ಮುಳುಗಿದ್ರೆ ಅಲ್ಲಿ ಕುಡಿಯೋರು ಸೇರ್ತಾರೆ. ಹೈಸ್ಕೂಲಿಂದ ಬರೋ ಹೆಣ್ಣುಮಕ್ಕಳು ಆ ಕಾಲುದಾರಿ ಬಿಟ್ಟು ದೊಡ್ಡ ಸುತ್ತು ಹಾಕ್ಕೊಂಡು ಬರ್ತಾವೆ. ಕೆಡವೋದು ಯಾಕೆ ಅಂತ ನಾನು ಬಾಯಿ ತೆಗೆದೆ. ಅತ್ತಿಗೆ ಅಲ್ಲೇ ಮುಖಕ್ಕೆ ಹೊಡೆದಂಗೆ ಅಂದ್ರು: "ನಿಂಗೇನಮ್ಮ, ಬೆಂಗ್ಳೂರಾಗೆ ಕೂತಿದ್ದೀಯ, ಹಳೇದೆಲ್ಲ ಚೆಂದ ಕಾಣ್ತೈತೆ. ದಿನಾ ಆ ದಾರೀಲಿ ಬರೋಳು ನನ್ನ ಮಗಳು."

ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಬೆಳಗ್ಗೆ ಎದ್ದು ಅಣ್ಣನ ಮಗಳನ್ನ ಜೊತೇಲಿ ಕರ್ಕೊಂಡು ಅಲ್ಲಿಗೆ ಹೋದೆ.

ಸುತ್ತ ಜಾಲಿ ಎದೆಮಟ್ಟ ಬೆಳೆದೈತೆ. ಹೆಂಚು ಅರ್ಧ ಇಲ್ಲ, ತೊಲೆ ಯಾರೋ ಕಿತ್ಕೊಂಡು ಹೋಗವ್ರೆ. ಆದ್ರೆ ಗೋಡೆ ಗಟ್ಟಿಮುಟ್ಟಾಗೈತೆ. ಕಲ್ಲಿನ ಗೋಡೆ, ಗಾರೆ ಅಲ್ಲಲ್ಲಿ ಉದುರೈತೆ ಅಷ್ಟೆ. ಟಿಕೀಟು ಕೊಡೋ ಕಿಂಡಿ ಹಂಗೇ ಐತೆ. ಕಿಂಡಿ ಕೆಳಗಿನ ಕಲ್ಲು ಕೈ ತಾಗಿ ತಾಗಿ ನುಣ್ಣಗೆ ಸವೆದೈತೆ. ಮಗು ಆ ಕಿಂಡೀಲಿ ಕೈ ಇಟ್ಟು, "ಅತ್ತೆ, ಇಷ್ಟು ಚಿಕ್ಕ ಸ್ಟೇಷನ್ನಿಗೆ ಯಾವ ರೈಲು ಬರ್ತಿತ್ತು?" ಅಂತ ಕೇಳ್ತು. ಮೂರು ತಲೆಮಾರು ಕಂಡಿದ್ದ ರೈಲು ನಾಲ್ಕನೇದಕ್ಕೆ ಹೆಸರಿಗೂ ಇಲ್ಲ. ಈ ಬರಹ ಬರ್ಯಕ್ಕೆ ಆ ಪ್ರಶ್ನೆನೇ ಕಾರಣ.

1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಚಿಕ್ಕ ರೈಲು ಬಂತು. ಆಮೇಲೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದ ತನಕ ಹೋಯ್ತು. ಬೆಂಗಳೂರಿಂದ ದೇವನಹಳ್ಳಿ ಮೇಲೆ ಬಂದ ಇನ್ನೊಂದು ಚಿಕ್ಕ ರೈಲು ಅಲ್ಲಿ ಕೂಡ್ತು. ಕಂಬಿಯಿಂದ ಕಂಬಿಗೆ ಎರಡೂವರೆ ಅಡಿ, 762 ಮಿಲಿಮೀಟರು. ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗೋ ರೈಲಿನ ಅಳತೆನೂ ಇದೇ. 2008ರಲ್ಲಿ ಯುನೆಸ್ಕೋದೋರು ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ರು, ಜನ ದುಡ್ಡು ಕೊಟ್ಟು ಹತ್ತಿ ಬರ್ತಾರೆ. ಅದೇ ಅಳತೆ ರೈಲಿನ ನಮ್ಮ ಸ್ಟೇಷನ್ನಾಗೆ ಬಿದ್ದಿರೋದು ಬಾಟ್ಲಿ ಚೂರು.

ಅವ್ವನ ತೌರು ಮುಳಬಾಗಿಲ ಕಡೆ. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಬಾಣಂತನಕ್ಕೆ ಹೋಗುವಾಗ ಈ ಸ್ಟೇಷನ್ನಾಗೆ ಹತ್ತಿ ಶ್ರೀನಿವಾಸಪುರದಾಗೆ ಇಳಿದು, ಅಲ್ಲಿಂದ ಗಾಡಿ ಕಟ್ಟಿಸ್ಕೊಂಡು ಹೋಗ್ತಿದ್ಲು. ಏರು ಬಂದ್ರೆ ರೈಲು ಏದುಸಿರು ಬಿಡ್ತಿತ್ತು, ಗಂಡಸರು ಇಳಿದು ಪಕ್ಕದಾಗೆ ನಡೆದು ಮತ್ತೆ ಹತ್ತೋರು ಅಂತ ನಗ್ತಿದ್ಲು. ಅವಳು ಒಬ್ಬಳೇ ಊರು ದಾಟಿದ್ದು ಅಂತ ಇದ್ರೆ ಆ ರೈಲಿನಾಗೆ ಮಾತ್ರ. ಗಂಡಸರ ಹಂಗಿಲ್ಲದೆ, ಸೆರಗಿನಾಗೆ ಗಂಟು ಹಾಕಿದ್ದ ಕಾಸು ಬಿಚ್ಚಿ, ಆ ಕಿಂಡೀಲಿ ತಾನೇ ಟಿಕೀಟು ತಗೊಂಡು.

ಆ ರೈಲು ಹೋಯ್ತಲ್ಲ ಅಂತ ನಾನು ಅಳ್ತಿಲ್ಲ. 1992ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಕಂಬಿ ಮಾಡೋ ಯೋಜನೆ ಶುರುವಾಯ್ತು. ನಮ್ಮ ಚಿಕ್ಕ ರೈಲು ಆ ದಶಕದಾಗೇ ನಿಂತೋಯ್ತು. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ದೊಡ್ಡ ರೈಲು ಓಡಿದ್ದು 2013ರಲ್ಲಿ. ನಡುವಿನ ಅಷ್ಟು ವರ್ಷ ನಮ್ಮ ಕಡೆ ಜನಕ್ಕೆ ಬಸ್ಸೇ ಗತಿ. ದೊಡ್ಡ ರೈಲು ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ನಮ್ಮೂರ ಹತ್ರ ಹೊಸ ಕಂಬಿ ಬೇರೆ ಕಡೆ ಹೋಯ್ತು, ಹಳೇ ಸ್ಟೇಷನ್ನು ಯಾರಿಗೂ ಬೇಡದ ಕೂಸಾಯ್ತು. ಜಾಗ ರೈಲ್ವೇದು, ಅದಕ್ಕೆ ಪಂಚಾಯ್ತಿ ಮುಟ್ಟಲ್ಲ. ಓಡೋ ರೈಲಿಲ್ಲ, ಅದಕ್ಕೆ ರೈಲ್ವೆ ಮುಟ್ಟಲ್ಲ. ಇಬ್ಬರೂ ಕೈಬಿಟ್ಟ ಜಾಗಕ್ಕೆ ಮೂರನೆಯೋನು ಬಾಟ್ಲಿ ಹಿಡ್ಕೊಂಡು ಬಂದ.

ನನ್ನ ಮಾತು ಇಷ್ಟೆ. ಹೆಣ್ಣುಮಕ್ಕಳಿಗೆ ಭಯ ಇರೋದು ಗೋಡೆಯಿಂದಲ್ಲ. ಅಲ್ಲಿ ದೀಪ ಇಲ್ಲ, ಬಾಗಿಲಿಲ್ಲ, ಹಗಲು ಹೊತ್ತು ಓಡಾಡೋ ಜನ ಇಲ್ಲ. ಗೋಡೆ ಕೆಡವಿದ್ರೆ ಕುಡಿಯೋರು ಜಾಲಿ ಮರೆಗೆ ಹೋಗ್ತಾರೆ, ದಾರಿ ಇನ್ನೂ ಕತ್ತಲಾಗ್ತೈತೆ. ಅದರ ಬದಲು ಜಾಲಿ ಕಡಿಸಿ, ಮೇಲೆ ಶೀಟಾದ್ರೂ ಹೊದೆಸಿ, ಎರಡು ದೀಪ ಹಾಕಿ ಜಾಗಕ್ಕೆ ಒಂದು ಕೆಲಸ ಕೊಡ್ಬೇಕು. ಬೆಳಗ್ಗೆ ಸಾಯಂಕಾಲ ಹಾಲಿನ ಡೈರಿ ಅಲ್ಲೇ ನಡೀಲಿ. ಡೈರಿ ಇದ್ದ ಕಡೆ ಎರಡೂ ಹೊತ್ತು ಹೆಂಗಸರು ಕ್ಯಾನು ಹಿಡ್ಕೊಂಡು ನಿಂತಿರ್ತಾರೆ, ಅವರ ಮುಂದೆ ಬಾಟ್ಲಿ ಬಿಚ್ಚೋ ಧೈರ್ಯ ಯಾವನಿಗೈತೆ? ಪಕ್ಕದ ಕೋಣೆ ಪಂಚಾಯ್ತಿ ಲೈಬ್ರರಿಗೆ ಕೊಡ್ಲಿ. ಮಾವಿನ ಸುಗ್ಗೀಲಿ ಕ್ರೇಟು ಇಡಕ್ಕೂ ನೆರಳಾಯ್ತು.

ಇದೇ ಹಳೇ ದಾರೀಲಿ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಲ್ಟ್ ಸ್ಟೇಷನ್ನುಗಳನ್ನ ಉಳಿಸೋ ಕೆಲಸಕ್ಕೆ ಇಂಟ್ಯಾಕ್ ಸಂಸ್ಥೆಯೋರು ಕೈ ಹಾಕವ್ರೆ. ಅವು ವಿಮಾನ ನಿಲ್ದಾಣಕ್ಕೆ, ನಂದಿಬೆಟ್ಟಕ್ಕೆ ಹತ್ರ. ನೋಡಕ್ಕೆ ಜನ ಬರ್ತಾರೆ. ನಮ್ಮ ಸ್ಟೇಷನ್ನಿಗೆ ನೋಡೋರು ಬರಲ್ಲ, ಬರೋದೂ ಬ್ಯಾಡ. ಊರ ಹೆಸರು ಬರೀದೆ ಇರೋದೂ ಅದಕ್ಕೇ, ಫೋಟೋ ಹಿಡಿಯೋರು ಬಂದು ಕೂತ್ರೆ ಅದೊಂದು ಹೊಸ ತಲೆನೋವು. ನಮ್ಮಂಥ ಊರಿಗೆ ಬೇಕಾಗಿರೋದು ಮ್ಯೂಸಿಯಮ್ಮಲ್ಲ, ದಿನಾ ಬಳಸೋ ಮಾಡು.

ಅದಕ್ಕೆ ರೈಲ್ವೆಯೋರು ಜಾಗನ ಪಂಚಾಯ್ತಿಗೆ ಗುತ್ತಿಗೆಗೆ ಕೊಡ್ಬೇಕು, ಪಂಚಾಯ್ತಿಯೋರು ಮೊದ್ಲು ಬಾಯಿಬಿಟ್ಟು ಕೇಳ್ಬೇಕು. ಅರ್ಜಿ ನಾನೇ ಬರೆದೆ. ಮೊದಲ ಸಹಿ ಅತ್ತಿಗೇದು. ಸುಮ್ಮನೆ ಹಾಕ್ಲಿಲ್ಲ. "ದೀಪದ ಮಾತು ಮೊದ್ಲು ಬರಿ, ನಿನ್ನ ಚಿಕ್ಕ ರೈಲಿನ ಕಥೆ ಕೊನೇಗೆ" ಅಂದ್ರು. ಹಂಗೇ ತಿದ್ದಿ ಬರೆದೆ. ಮುಂಗಾರಿಗೆ ಮುಂಚೆ ಆಗ್ದಿದ್ರೆ ಜೇಸಿಬಿಯೋರ ಪರ ನಿಲ್ತೀನಿ ಅಂತಲೂ ಹೇಳವ್ರೆ. ಅವರ ಮಗಳ ದಾರಿ ಅದು, ನಾನು ಬೇಡ ಅನ್ನಕ್ಕಾಗಲ್ಲ.

ನಿಮ್ಮೂರ ಪಕ್ಕಾನೂ ಇಂಥದೊಂದು ಸ್ಟೇಷನ್ನು ಇದ್ರೆ ಒಂದು ಬೆಳಗ್ಗೆ ಮಕ್ಕಳನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ. ಹಾವು ಚೇಳು ಇರ್ತವೆ, ಕೈಲಿ ಒಂದು ಕೋಲಿರ್ಲಿ.